ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು

ದುಬೈಯಲ್ಲಿ ಒಬ್ಬರ ಫೋಟೋ ಹಾಕಿ, ಕೆಳಗೆ ‘ಇವಳು ಕಳ್ಳಿ’ ಎಂದು ಬರೆದು ವಾಟ್ಸಾಪ್ ಗುಂಪಿಗೆ ಕಳಿಸುವುದು ಅಪರಾಧ. ಗುಂಪಿನಲ್ಲಿ ಬರೀ ನಮ್ಮವರೇ ಇದ್ದರೂ ಅಪರಾಧ. ಆಮೇಲೆ ಅಳಿಸಿ ಹಾಕಿದೆ ಎಂದರೆ ಆದ ಅಪರಾಧ ಇಲ್ಲವಾಗುವುದಿಲ್ಲ. ಇದು ಒಂದು ಊರಿನ ಕಟ್ಟಳೆಯಲ್ಲ, ಇಡೀ ಎಮಿರೇಟ್ಸಿನ ಫೆಡರಲ್ ಕಾನೂನು. ವೀಸಾ ಆದ ಮೊದಲ ವಾರದಲ್ಲೇ ಯಾರಾದರೊಬ್ಬರು ಕಿವಿಗೆ ಹಾಕುವ ಮಾತು.

ಎಲ್ಲರಿಗಿಂತ ಚೆನ್ನಾಗಿ ಇದು ಗೊತ್ತಿರಬೇಕಾಗಿದ್ದವರು ಅಲ್ ಬರ್ಷಾದ ಒಂದು ಕಟ್ಟಡದ ಏಳನೆಯ ಮಹಡಿಯಲ್ಲಿ ಮಗನ ಮನೆಯಲ್ಲಿದ್ದ ವೆಂಕಟರಾಮಯ್ಯನವರು. ಇಪ್ಪತ್ತೇಳು ವರ್ಷ ಕರ್ನಾಟಕದ ವಿಚಾರಣಾ ನ್ಯಾಯಾಲಯಗಳಲ್ಲಿ ಕೂತು, ಸೆಷನ್ಸ್ ನ್ಯಾಯಾಧೀಶರಾಗಿ ನಿವೃತ್ತರಾದವರು. ಆ ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವರು ಬಾಲ್ಕನಿಯ ಕೊತ್ತಂಬರಿ ಕುಂಡಕ್ಕೆ ನೀರು ಹಾಕುತ್ತಿದ್ದಾಗ ಮಗ ಚಿರಂತನ್ ಆಫೀಸಿನಿಂದ ಫೋನ್ ಮಾಡಿದ.

“ಅಪ್ಪಾ, ಪೊಲೀಸ್ ಸ್ಟೇಷನ್ನಿಂದ ಫೋನ್ ಬಂದಿತ್ತು. ನನ್ನ ನಂಬರಿಂದ ಹೋಗಿರೋ ಯಾವುದೋ ಮೆಸೇಜಂತೆ. ಎರಡು ಗಂಟೆಗೆ ಬರ್ಬೇಕಂತೆ.”

“ಯಾವ ಮೆಸೇಜು?” ಎಂದು ಕೇಳಿದರು. ಕೇಳುವಾಗಲೇ ಉತ್ತರ ಗೊತ್ತಿತ್ತು.

“ಯಾವ್ದು ಅಂದ್ರೆ? ನೀವು ಬರೆಸಿದ್ರಲ್ಲ, ಆ ಬಸ್ ಆಂಟೀದು!”

ಮಗ್ಗಿನ ನೀರು ಕುಂಡ ತಪ್ಪಿ ಕಾಲ ಮೇಲೆ ಬಿತ್ತು. ಒಳಗಿನಿಂದ ಹೆಂಡತಿ ಪುಟ್ಟಮ್ಮ ಯಾರ ಫೋನೆಂದು ಕೂಗಿದರು. ವೆಂಕಟರಾಮಯ್ಯನವರ ಬಾಯಿ ಒಣಗಿತ್ತು. ಎಷ್ಟೋ ಜನರ ಬಾಯಿ ಹೀಗೆ ಒಣಗುವುದನ್ನು ಮೇಲಿನ ಕುರ್ಚಿಯಿಂದ ನೋಡಿದ್ದರು; ಒಣಗಿದ ಬಾಯಿಗೆ ನಾಲಗೆ ಹೀಗೆ ಅಂಟಿಕೊಳ್ಳುತ್ತದೆ ಎಂದು ಈಗ ಗೊತ್ತಾಯಿತು.

ಹುಟ್ಟಿನಿಂದಲೇ ಅವರು ಪುಕ್ಕಲು. ತಂದೆ ಮೈಸೂರು ಸೀಮೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ಅಮೀನ. ಸಮನ್ಸು ಹಿಡಿದು ಊರೂರು ಸುತ್ತುವ ಕೆಲಸ. ಮುನ್ಸೀಫರ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಕರೆಯುವ ತನಕ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದ ಆ ಮನುಷ್ಯನನ್ನು ಮಗ ನೋಡಿದ್ದ. ಭೂಮಿಯ ಮೇಲೆ ಯಾರಿಗೂ ಹೆದರಬೇಕಿಲ್ಲದ ಜಾಗ ಒಂದೇ, ಅದು ಆ ಎತ್ತರದ ಕುರ್ಚಿ ಎಂದುಕೊಂಡು ಹಗಲಿರುಳು ಓದಿದ, ವಕೀಲನಾದ, ಪರೀಕ್ಷೆ ಕಟ್ಟಿ ಮುನ್ಸೀಫನಾದ. ಕೂತ ಮೇಲೆ ತಿಳಿಯಿತು, ಕುರ್ಚಿಯ ಮೇಲೂ ಹೆದರಿಕೆ ಇದೆ. ಮೇಲಿನ ಕೋರ್ಟು ತೀರ್ಪಿನ ಮೇಲೆ ಏನು ಷರಾ ಬರೆಯುತ್ತದೋ. ವರ್ಗ ಎಲ್ಲಿಗೋ. ಎಲ್ಲಕ್ಕಿಂತ ಹೆಚ್ಚು ಯೂನಿಟ್ಟಿನ ಹೆದರಿಕೆ: ತಿಂಗಳಿಗೆ ಇಷ್ಟು ಮೊಕದ್ದಮೆ ಮುಗಿಸಿದರೆ ಇಷ್ಟು ಯೂನಿಟ್, ಕಡಿಮೆ ಬಿದ್ದರೆ ವಿವರಣೆ ಕೊಡಬೇಕು. ನ್ಯಾಯವನ್ನೂ ಇಟ್ಟಿಗೆಯ ಹಾಗೆ ಎಣಿಸುತ್ತಾರೆಂದು ನಿಮಗೆ ಗೊತ್ತಿರಲಿಲ್ಲವೇ? ಈಗ ಗೊತ್ತಾಯಿತಲ್ಲ.

ವಿಚಾರಣೆ ನಡೆಯುತ್ತಿದ್ದ ರೀತಿ ಹೀಗೆ. ಸಾಕ್ಷಿ ಕಟಕಟೆ ಹಿಡಿದುಕೊಂಡು, ಅಳುತ್ತ, ಊರ ಸುದ್ದಿಯನ್ನೆಲ್ಲ ಸುತ್ತಿ ಬಳಸಿ ಕನ್ನಡದಲ್ಲಿ ಹೇಳುತ್ತಾನೆ. ನ್ಯಾಯಾಧೀಶರು ಅದನ್ನು ಮೂರು ಸಾಲಿಗೆ ಇಳಿಸಿ ಬೆರಳಚ್ಚುಗಾರನಿಗೆ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಕೊನೆಗೆ ಸಹಿಯ ಮೇಲೆ ಒಂದು ಸಾಲು ಬೀಳುತ್ತದೆ: ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು. ಮೊದಲ ವರ್ಷ ವೆಂಕಟರಾಮಯ್ಯ ನಿಜವಾಗಿಯೂ ಓದಿ ಹೇಳುತ್ತಿದ್ದರು, ಕನ್ನಡಕ್ಕೆ ತಿರುಗಿಸಿ, ನಿಧಾನವಾಗಿ. ಶಿರಸ್ತೇದಾರರು ಒಂದು ದಿನ ಹತ್ತಿರ ಬಂದು, “ಸ್ವಾಮಿ, ಹಿಂಗೆ ಪುರಾಣ ಓದ್ತಾ ಕೂತ್ರೆ ಯೂನಿಟ್ ಎಲ್ಲಿಂದ ಬರ್ತದೆ?” ಎಂದರು. ಎರಡನೆಯ ವರ್ಷ ಓದು ನಿಂತಿತು, ಸಾಲು ನಿಲ್ಲಲಿಲ್ಲ. ಮೂರನೆಯ ವರ್ಷಕ್ಕೆ ಬೆರಳಚ್ಚುಗಾರ ಬೆಳಿಗ್ಗೆಯೇ ಖಾಲಿ ಹಾಳೆಗಳ ಬುಡದಲ್ಲಿ ಆ ಸಾಲನ್ನು ಹೊಡೆದಿಟ್ಟುಕೊಳ್ಳತೊಡಗಿದ. ಸಾಕ್ಷಿ ಇನ್ನೂ ಮನೆಯಿಂದ ಹೊರಟಿರುತ್ತಿರಲಿಲ್ಲ, ಸರಿಯೆಂದು ಒಪ್ಪಿಯಾಗಿರುತ್ತಿತ್ತು.

ಒಮ್ಮೆ ಹುಣಿಸೆಹಣ್ಣು ಮಾರುವ ಒಬ್ಬಾಕೆ, “ಕತ್ಲೆ ಇತ್ತು ಬುದ್ಧಿ, ಮೊಕ ಕಾಣಲಿಲ್ಲ, ಆದ್ರೂ ನಿಲುವು ನೋಡಿದ್ರೆ ಇವನೇ ಇರಬೌದು ಅನ್ನುಸ್ತು” ಎಂದಳು. ಹಾಳೆಯ ಮೇಲೆ ಇಳಿದದ್ದು: ನಾನು ಆರೋಪಿಯನ್ನು ಗುರುತಿಸಿದೆ. ಆ ಹುಡುಗನಿಗೆ ಏಳು ವರ್ಷ. ಮೇಲಿನ ಕೋರ್ಟು ಹಾಳೆಯನ್ನು ನೋಡಿತು, ಆಕೆಯನ್ನು ನೋಡಲಿಲ್ಲ, ತೀರ್ಪು ಎತ್ತಿಹಿಡಿಯಿತು. ಅಂದು ವೆಂಕಟರಾಮಯ್ಯ ಮನೆಗೆ ಬಂದು ಎರಡು ಚಪಾತಿ ಹೆಚ್ಚು ತಿಂದರು.

ನಿವೃತ್ತರಾಗಿ ಹನ್ನೊಂದು ವರ್ಷ. ಮಗ ಕರೆಸಿಕೊಂಡ, ಗಂಡ ಹೆಂಡತಿ ದುಬೈಗೆ ಬಂದರು. ಕುರ್ಚಿ ಹೋದ ಮೇಲೆ ಮನುಷ್ಯ ಅರ್ಧ ಆಗಿದ್ದರು. ಅಲ್ ಬರ್ಷಾದ ಆ ಕಟ್ಟಡದಲ್ಲಿ ಕನ್ನಡ, ಕೊಂಕಣಿ, ತುಳು ಮಾತಾಡುವ ಸಂಸಾರಗಳು ಬೇಕಾದಷ್ಟು. ಯಾರೋ “ಜಡ್ಜ್ ಸರ್” ಅಂದರು, ಬೆನ್ನು ನೆಟ್ಟಗಾಯಿತು. ಪಾರ್ಕಿಂಗ್ ಜಗಳ, ಬಾಗಿಲ ಮುಂದಿನ ಚಪ್ಪಲಿ ಸ್ಟ್ಯಾಂಡಿನ ಜಗಳ, ಎಲ್ಲ ಅವರ ಬಳಿ ಬಂದವು. ಅವರು ಹೇಳುವುದು, ಚಿರಂತನ್ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವುದು, ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕುವುದು.

“ಕೋಟು ಬಿಚ್ಚಿ ಎಷ್ಟು ವರ್ಷ ಆಯ್ತು, ಇನ್ನೂ ಗುಂಡಿ ಹಾಕ್ತಾನೇ ಇದ್ದೀರಲ್ರೀ” ಎಂದು ಪುಟ್ಟಮ್ಮ ಚುಚ್ಚಿದ್ದರು. ಅವರು ಕೇಳಿಸಿಕೊಳ್ಳಲಿಲ್ಲ.

ಠಾಣೆಯ ಫೋನಿಗೆ ಮೂರು ವಾರ ಮೊದಲು ಒಂದು ಸರ ಕಳೆದಿತ್ತು, ನಾಲ್ಕನೆಯ ಮಹಡಿಯ ರೇಮಂಡನ ಮಗಳು ಜಾನಿಸಳದ್ದು. ಎಂಟು ವರ್ಷದ ಹುಡುಗಿ. ಚರ್ಚಿನಲ್ಲಿ ಮಕ್ಕಳಿಗೆ ಮೊದಲ ಸಲ ಕೊಡುವ ಪರಮಪ್ರಸಾದಕ್ಕೆಂದು ಅಜ್ಜಿ ಊರಿಂದ ಕಳಿಸಿದ ಶಿಲುಬೆಯ ಚಿನ್ನದ ಸರ. ಊದ್ ಮೇಥಾದ ಇಗರ್ಜಿಯಲ್ಲಿ ಆ ಭಾನುವಾರ ಹಾಕಿದ್ದು, ಸೋಮವಾರ ಹಟ ಮಾಡಿ ಶಾಲೆಗೂ ಹಾಕಿಕೊಂಡು ಹೋಗಿದ್ದಳು. ಮನೆಗೆ ಬಂದಾಗ ಕೊರಳು ಬರಿದು.

“ಬಸ್ ಆಂಟಿ ತೆಗೆದದ್ದು ಅಂತೆ ಸರ್. ಮಗುವೇ ಹೇಳ್ತದೆ. ನೀವೇ ಒಮ್ಮೆ ವಿಚಾರಿಸಿ ಮಾರಾಯ್ರೆ” ಎಂದು ರೇಮಂಡ್ ಬಂದ. ದೊಡ್ಡ ಹೋಟೆಲಿನ ರಿಸೆಪ್ಷನ್ನಿನಲ್ಲಿ ದಿನಕ್ಕೆ ನೂರು ಜನಕ್ಕೆ ನಗುವವನು. ಆ ದಿನ ನಗಲಿಲ್ಲ.

ಬಸ್ ಆಂಟಿ ಎಂದರೆ ಹಸೀನ. ವಿಟ್ಲದ ಕಡೆಯವರು. ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ, ಒಂಬತ್ತು ವರ್ಷದಿಂದ. ಮುಹೈಸ್ನಾದ ಕಂಪನಿ ರೂಮಿನಲ್ಲಿ ಆರು ಜನರ ಜೊತೆ ವಾಸ. ಮಂಗಳವಾರ ಮಧ್ಯಾಹ್ನ ಮಕ್ಕಳನ್ನು ಇಳಿಸಿದ ಕೂಡಲೇ ಅವರನ್ನು ಕಟ್ಟಡದ ಪಾರ್ಟಿ ಹಾಲಿಗೆ ಕರೆದರು. ಕರೆದದ್ದಲ್ಲ, ಸುತ್ತುವರಿದು ತಂದದ್ದು. ಹೊರಗೆ ಡ್ರೈವರ್ ಹಾರ್ನ್ ಮಾಡುತ್ತಿದ್ದ. ವೆಂಕಟರಾಮಯ್ಯ ಮೇಜಿನ ಹಿಂದೆ. ಪಕ್ಕದಲ್ಲಿ ಟೈಪ್ ಮಾಡಲು ಅರ್ಧ ದಿನ ರಜೆ ಹಾಕಿ ಬಂದ ಚಿರಂತನ್. ಎದುರಿಗೆ ನಿಂತ ಹಸೀನ. ಕುರ್ಚಿಗಳು ನಲವತ್ತಿದ್ದವು. ಕೂರಿ ಎಂದು ಯಾರೂ ಹೇಳಲಿಲ್ಲ.

“ಸರ ತೆಗೆದದ್ದು ಹೌದಾ?”

“ಹೌದು ಸಾರ್, ಕೊಕ್ಕೆ ಸಡಿಲ ಇತ್ತು. ಬೀಳ್ತದೆ ಅಂತ ನಾನೇ ತೆಗ್ದು ಅವಳ ಬ್ಯಾಗಿನ ಸಣ್ಣ ಜಿಪ್ಪಿನೊಳಗೆ ಹಾಕಿದೆ. ಮಮ್ಮಿಗೆ ಹೇಳು ಅಂತ ಹೇಳಿದ್ದೇನೆ. ಅವಳ ಹತ್ರ ಕೇಳಿ.”

ಜಾನಿಸಳನ್ನು ಕೇಳಿದರು. ಅವಳು ಅಪ್ಪನ ಅಂಗಿ ಹಿಡಿದುಕೊಂಡು “ಐ ಡೋಂಟ್ ರಿಮೆಂಬರ್ ಅಂಕಲ್” ಎಂದಳು. ಬ್ಯಾಗು ಆಗಲೇ ಜಾಲಾಡಿ ಆಗಿತ್ತು, ಸಣ್ಣ ಜಿಪ್ಪಿನಲ್ಲಿ ಏನೂ ಇರಲಿಲ್ಲ. ವೆಂಕಟರಾಮಯ್ಯನವರಿಗೆ ಹಳೆಯ ಲಹರಿ ಬಂತು. ಬ್ಯಾಗಿನಲ್ಲಿ ಸಿಕ್ಕಿಲ್ಲ, ಆದ್ದರಿಂದ ಬ್ಯಾಗಿನ ಮಾತು ಅಪ್ರಸ್ತುತ. ಅಪ್ರಸ್ತುತವಾದದ್ದನ್ನು ಬರೆಯುವುದಿಲ್ಲ. ಕಣ್ಣು ಮುಚ್ಚಿ ಹೇಳಿದರು: “ಮಗುವಿನ ಕೊರಳಿನಿಂದ ಸರ ತೆಗೆದದ್ದನ್ನು ಸದರಿ ಹಸೀನ ಒಪ್ಪಿಕೊಂಡಿರುತ್ತಾರೆ. ತೃಪ್ತಿಕರ ವಿವರಣೆ ಇಲ್ಲ. ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು.”

ಓದಲಿಲ್ಲ. ಆಕೆ “ಸಾರ್, ನಾನು ಬ್ಯಾಗಿನಲ್ಲಿ—” ಎನ್ನುವಷ್ಟರಲ್ಲಿ ಯಾರೋ ಫೋಟೋ ತೆಗೆದರು. ಐದು ನಿಮಿಷದಲ್ಲಿ ಫೋಟೋ, ವರದಿ, ‘ಈ ಕಳ್ಳಿಯ ಬಗ್ಗೆ ಎಚ್ಚರ’ ಎಂಬ ತಲೆಬರಹ, ಮೂರೂ ಚಿರಂತನನ ಫೋನಿನಿಂದ ನೂರ ನಲವತ್ತು ಜನರ ಗುಂಪಿಗೆ ಹೋದವು. ತಲೆಬರಹವನ್ನೂ ಅಪ್ಪನೇ ಹೇಳಿದ್ದು. ಸಂಜೆಯೊಳಗೆ ಅದು ಬೇರೆ ಶಾಲೆಗಳ ಗುಂಪಿಗೆ, ಬಸ್ಸಿನವರ ಗುಂಪಿಗೆ. ಬುಧವಾರ ಬೆಳಿಗ್ಗೆ ಹಸೀನ ಬಸ್ಸಿನಲ್ಲಿರಲಿಲ್ಲ.

ಬುಧವಾರ ಸಂಜೆ ರೇಮಂಡನ ಹೆಂಡತಿ ಸುಸನ್ ಬ್ಯಾಗನ್ನು ಒಗೆಯಲು ನೆನೆಹಾಕಿದಳು. ಸಣ್ಣ ಜಿಪ್ಪಿನ ಒಳಬಟ್ಟೆ ಹರಿದಿತ್ತು. ಸರ ಅದರ ಸಂದಿನಿಂದ ಜಾರಿ ತಳದ ರಟ್ಟಿನ ಕೆಳಗೆ ಕೂತಿತ್ತು.

ಲಿಫ್ಟಿನಲ್ಲಿ ರೇಮಂಡ್ ದನಿ ಇಳಿಸಿ ಹೇಳಿದ: “ಸಿಕ್ಕಿತು ಸರ್. ಬ್ಯಾಗಿನಲ್ಲೇ ಇತ್ತು. ಇನ್ನು ಅದನ್ನು ದೊಡ್ಡದು ಮಾಡುವುದು ಬೇಡ, ಆಯ್ತಾ? ಮೆಸೇಜ್ ಡಿಲೀಟ್ ಮಾಡಿಸಿಬಿಡಿ. ಖಲಾಸ್.”

“ಆಯ್ತು” ಎಂದರು ಸೆಷನ್ಸ್ ನ್ಯಾಯಾಧೀಶರು.

ಅಳಿಸಿದರು. ಒಂದು ಸಾಲು ಬರೆಯಲಿಲ್ಲ. ಸರ ಸಿಕ್ಕಿದೆ ಎಂದಾಗಲಿ, ಆಕೆ ಹೇಳಿದ್ದು ಅಕ್ಷರಶಃ ನಿಜ ಎಂದಾಗಲಿ, ಕ್ಷಮಿಸಿ ಎಂದಾಗಲಿ ಇಲ್ಲ. ನೂರ ನಲವತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ, ಏನಾಯಿತು ಆ ಹೆಂಗಸಿಗೆ ಎಂದು. ಇಪ್ಪತ್ತೊಂದು ದಿನ ಹಾಗೇ ಕಳೆಯಿತು. ಇಪ್ಪತ್ತೆರಡನೆಯ ದಿನ ಠಾಣೆಯಿಂದ ಫೋನ್ ಬಂತು.

ಇಬ್ಬರೂ ಠಾಣೆಗೆ ಹೊರಟ ಕಾರಿನಲ್ಲಿ ಚಿರಂತನ್ ಸಿಗ್ನಲ್ ಹಸಿರಾದರೂ ಹೊರಡುತ್ತಿರಲಿಲ್ಲ. ಹಿಂದಿನವರು ಹಾರ್ನ್ ಮಾಡುತ್ತಿದ್ದರು.

“ಕೇಸ್ ಆದ್ರೆ ಕೆಲಸ ಹೋಗುತ್ತೆ ಅಪ್ಪ. ಕೆಲಸ ಹೋದ್ರೆ ವೀಸಾ. ಮಗಳ ಶಾಲೆ, ನಿಮ್ಮಿಬ್ಬರ ವೀಸಾ, ಎಲ್ಲ ನಂದಕ್ಕೇ ಕಟ್ಟಿರೋದು. ಡಿಪೋರ್ಟ್ ಮಾಡಿದ್ರೆ?”

“ಏನೂ ಆಗಲ್ಲ ಕಣೋ.”

“ನಿಮಗೆ ಗೊತ್ತಾ ಇಲ್ಲಿಯ ಕಾನೂನು?”

ಗೊತ್ತಿತ್ತು. ಹಿಂದಿನ ವರ್ಷ ಇದರ ಬಗ್ಗೆಯೇ ಹಬ್ಬದ ಸಭೆಯಲ್ಲಿ ಹದಿನೈದು ನಿಮಿಷ ಮಾತಾಡಿದ್ದರು, ಶಾಲು ಹೊದಿಸಿದ್ದರು. ಈಗ ತಲೆಯೊಳಗೆ ಹಳೆಯ ವಕೀಲ ಎಚ್ಚರವಾಗಿದ್ದ. ಫೋನ್ ಮಗನದ್ದು. ಟೈಪ್ ಮಾಡಿದ್ದು ಮಗ. ಕಳಿಸಿದ್ದು ಮಗ. ನಾನು ಬಾಯಲ್ಲಿ ಹೇಳಿದ್ದಕ್ಕೆ ಎಲ್ಲಿದೆ ಪುರಾವೆ? ಆ ಯೋಚನೆ ಬಂದದ್ದು ಕಂಡು ಅವರಿಗೆ ಪೊಲೀಸರಿಗಿಂತ ತಮ್ಮ ಮೇಲೆಯೇ ಹೆಚ್ಚು ಹೆದರಿಕೆಯಾಯಿತು.

ಠಾಣೆಯಲ್ಲಿ ಯಾರೂ ಗದರಲಿಲ್ಲ. ತಂಪು ಕೋಣೆ, ಕುಡಿಯಲು ನೀರು, ಸಮವಸ್ತ್ರದಲ್ಲಿದ್ದ ಶಾಂತ ಮುಖದ ಒಬ್ಬ ಯುವ ಅಧಿಕಾರಿ. ಅದೇ ಹೆಚ್ಚು ಹೆದರಿಸಿತು. ಕನ್ನಡದಿಂದ ಅರಬಿಗೆ ತಿರುಗಿಸಲು ಕೂತಿದ್ದವರು ಅಬ್ದುಲ್ ಸಲಾಂ, ಬಂಟ್ವಾಳದವರು, ಮೂಗಿನ ತುದಿಯಲ್ಲಿ ಕನ್ನಡಕ. ಅಧಿಕಾರಿ ಚಿರಂತನನನ್ನು ಅರಬಿಯಲ್ಲಿ ಕೇಳಿದರು, ಸಲಾಂ ಕನ್ನಡದಲ್ಲಿ ಕೇಳಿದರು, ಚಿರಂತನ್ ತೊದಲಿದ, ಕಂಪ್ಯೂಟರಿನಲ್ಲಿ ಬಲದಿಂದ ಎಡಕ್ಕೆ ಸಾಲುಗಳು ಬೆಳೆದವು. ವೆಂಕಟರಾಮಯ್ಯ ಆ ಸಾಲುಗಳನ್ನೇ ನೋಡಿದರು. ಒಂದಕ್ಷರ ತಿಳಿಯದು. ಮಗನ ಬದುಕು ಅದರಲ್ಲಿದೆ, ಒಂದಕ್ಷರ ತಿಳಿಯದು.

ಹಾಳೆ ಹೊರಬಂತು. ಚಿರಂತನ್ ಆಗಲೇ ಪೆನ್ನು ಎತ್ತಿಕೊಂಡಿದ್ದ. ಸಹಿ ಹಾಕಿ ಓಡಿಹೋದರೆ ಸಾಕೆನ್ನುವ ಕೈ.

“ನಿಲ್ಲಿ ಮಾರಾಯ್ರೆ, ಅರ್ಜೆಂಟ್ ಎಂತದು?” ಎಂದರು ಸಲಾಂ. “ಇದು ಅರಬಿಯಲ್ಲಿ ಉಂಟು. ನಾನು ಒಂದೊಂದೇ ಸಾಲು ಓದಿ ಹೇಳ್ತೇನೆ. ತಪ್ಪಿದ್ರೆ ತಪ್ಪು ಅಂತ ಹೇಳ್ಬೇಕು. ಹೆದರುವುದು ಬೇಡ.”

ಓದಿದರು. ಹೆಸರು, ಕೆಲಸ, ಮನೆ. ಆಮೇಲೆ: “‘ಈ ಬರಹವನ್ನು ನಾನೇ ಬರೆದು, ಫೋಟೋ ಜೊತೆ ಗುಂಪಿಗೆ ಕಳಿಸಿದ್ದೇನೆ.’ ಸರಿ ಉಂಟಾ?”

“ಸರಿ” ಎಂದ ಚಿರಂತನ್.

ಆ ‘ಸರಿ’ ವೆಂಕಟರಾಮಯ್ಯನವರ ಎದೆಗೆ ನಾಟಿತು. ಹೆದರಿದ ಮನುಷ್ಯ ಯಾವುದಕ್ಕೂ ಸರಿ ಅನ್ನುತ್ತಾನೆ. ನೀನು ಮನುಷ್ಯನಲ್ಲ, ಎಮ್ಮೆ ಎಂದು ಓದಿ ಹೇಳಿದರೂ ಸರಿ ಅಂದು ಸಹಿ ಹಾಕುತ್ತಾನೆ. ಇಪ್ಪತ್ತೇಳು ವರ್ಷ ಅವರು ಕೂಡಿಸಿಟ್ಟುಕೊಂಡಿದ್ದ ಒಪ್ಪಿಗೆಗಳೆಲ್ಲ ಇದೇ ಜಾತಿಯವು. ಅದೂ ಇಲ್ಲಿ ಓದಿಯಾದರೂ ಹೇಳುತ್ತಿದ್ದಾರೆ.

“ಸರಿ ಇಲ್ಲ” ಎಂದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಸಲಾಂ ಕಿವಿ ಮುಂದೆ ತಂದರು.

“ಎಂತ ಹೇಳಿದ್ರಿ ಸಾರ್?”

“ಅವನು ಬರೆದದ್ದಲ್ಲ. ಬರೆಸಿದವನು ನಾನು. ಆ ಹೆಂಗಸು ಬ್ಯಾಗಿನಲ್ಲಿ ಹಾಕಿದೆ ಅಂತ ಹೇಳಿದ್ದಳು. ಅದನ್ನು ಬಿಟ್ಟವನೂ ನಾನೇ. ಸರ ಮರುದಿನವೇ ಸಿಕ್ಕಿದ್ದೂ ಗೊತ್ತು. ಬರ್ಕೊಳ್ಳಿ.”

“ಅಪ್ಪಾ!” ಎಂದ ಚಿರಂತನ್.

ಸಲಾಂ ಅರಬಿಯಲ್ಲಿ ಹೇಳಿದರು. ಅಧಿಕಾರಿ ಮೊದಲ ಬಾರಿಗೆ ಮುದುಕನ ಮುಖವನ್ನು ಪೂರ್ತಿಯಾಗಿ ನೋಡಿ, ನಿಮ್ಮ ಉದ್ಯೋಗ ಏನಾಗಿತ್ತು ಎಂದು ಕೇಳಿಸಿದರು. “ಸೆಷನ್ಸ್ ಜಡ್ಜ್” ಎಂದರು ವೆಂಕಟರಾಮಯ್ಯ. ಉತ್ತರವನ್ನು ಅರಬಿಗೆ ತಿರುಗಿಸುವಾಗ ಅಬ್ದುಲ್ ಸಲಾಂ ಕನ್ನಡಕ ತೆಗೆದು ಒರೆಸಿಕೊಂಡರು.

ಇಬ್ಬರ ಪಾಸ್‌ಪೋರ್ಟೂ ಠಾಣೆಯಲ್ಲಿ ಉಳಿದವು. ದೂರು ಕೊಟ್ಟ ಹಸೀನ ಹಿಂತೆಗೆದುಕೊಂಡರೆ ಇಲ್ಲಿಗೇ ಮುಗಿಯಬಹುದು, ಇಲ್ಲದಿದ್ದರೆ ಮುಂದಿನ ವಾರ ಫೈಲು ಪ್ರಾಸಿಕ್ಯೂಷನ್ನಿಗೆ ಹೋಗುತ್ತದೆ ಎಂದು ಹೇಳಿ ಕಳಿಸಿದರು.

ಮನೆಯಲ್ಲಿ ಸೊಸೆ ಅಪೇಕ್ಷಾ ಮಾತು ಬಿಟ್ಟಳು. ಪುಟ್ಟಮ್ಮ ಬಿಡಲಿಲ್ಲ. “ಕೈಕಟ್ಟಿ ಕೂತ್ರೆ ಆಗುತ್ತಾ? ನಡೀರಿ. ಆ ಬಸ್ಸಿನ ಹುಡುಗಿ ಹತ್ರ ಹೋಗೋಣ. ನಾನೂ ಬರ್ತೀನಿ, ನೀವೊಬ್ರೇ ಹೋದ್ರೆ ಅಲ್ಲೂ ತೀರ್ಪು ಕೊಟ್ಟು ಬರ್ತೀರಿ.”

ಶುಕ್ರವಾರ ಮಧ್ಯಾಹ್ನ ಇಬ್ಬರೂ ಟ್ಯಾಕ್ಸಿ ಹಿಡಿದು ಮುಹೈಸ್ನಾಕ್ಕೆ ಹೋದರು. ಸಾಲು ಸಾಲು ಕಟ್ಟಡ, ಕಿಟಕಿ ಕಿಟಕಿಗೂ ಒಣಹಾಕಿದ ಸಮವಸ್ತ್ರ, ನಮಾಜು ಮುಗಿಸಿ ಬರುವ ಜನ. ಪ್ರತಿಯೊಬ್ಬರೂ ತಮ್ಮನ್ನೇ ನೋಡುತ್ತಿದ್ದಾರೆ ಎಂದು ವೆಂಕಟರಾಮಯ್ಯನವರಿಗೆ ಅನ್ನಿಸಿತು. ಗೇಟಿನ ಬಳಿ ವಾಚ್‌ಮನ್ನಿನ ಕೋಣೆಯ ನೆರಳಿನಲ್ಲಿ ಹಸೀನ ಬಂದು ನಿಂತರು. ಸಮವಸ್ತ್ರವಿಲ್ಲದೆ ಸಣ್ಣದಾಗಿ ಕಾಣುತ್ತಿದ್ದರು.

“ಕೂತ್ಕೊಳ್ಳಿ ಅಮ್ಮ” ಎಂದು ಪುಟ್ಟಮ್ಮನಿಗೆ ಇದ್ದ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಟ್ಟರು. ವೆಂಕಟರಾಮಯ್ಯನವರಿಗೆ ಕೊಡಲಿಲ್ಲ.

“ತಪ್ಪಾಯ್ತಮ್ಮ” ಎಂದರು ಅವರು, ನಿಂತುಕೊಂಡೇ.

“ಹ್ಞೂಂ.”

“ನನ್ನ ಮಗನದ್ದೇನೂ ತಪ್ಪಿಲ್ಲ. ಅವನಿಗೊಂದು ಮಗು ಇದೆ. ನೀನು… ನೀವು ಆ ದೂರನ್ನ…”

“ಆ ಮಗುವನ್ನು ಎರಡು ವರ್ಷದಿಂದ ದಿನಾ ಬೆಲ್ಟ್ ಹಾಕಿ ಕೂರಿಸಿದವಳು ನಾನೇ ಸಾರ್. ಕಿಟಕಿ ಸೀಟೇ ಬೇಕು ಅವಳಿಗೆ. ನಂಗೆ ಗೊತ್ತುಂಟು.” ಹಸೀನ ದುಪಟ್ಟದ ತುದಿ ತಿರುಚಿದರು. “ನಿಮ್ಮ ಮಗ ಜೈಲಿಗೆ ಹೋಗ್ಬೇಕು ಅಂತ ನಂಗೆ ಇಲ್ಲ. ಆದ್ರೆ ನಾನು ಈಗ ಕೇಸು ತೆಗೆದ್ರೆ ಎಂತ ಹೇಳ್ತಾರೆ? ಕಳ್ಳಿ ದುಡ್ಡು ತಿಂದು ಸುಮ್ಮನಾದಳು ಹೇಳ್ತಾರೆ. ಕಂಪನಿಯವರು ಸೋಮವಾರ ವೀಸಾ ಕ್ಯಾನ್ಸಲಿಗೆ ಹಾಕ್ತಾರಂತೆ. ಬೇರೆ ಕಂಪನಿಗೆ ಹೋದೆ. ಅಲ್ಲಿಯ ಸೂಪರ್‌ವೈಸರ್ ಫೋನ್ ತೆಗ್ದು ನಂಗೆ ನನ್ನದೇ ಫೋಟೋ ತೋರಿಸಿದ.”

“ದುಡ್ಡು ಏನಾದ್ರೂ—” ಎಂದರು ವೆಂಕಟರಾಮಯ್ಯ.

“ರೀ!” ಎಂದರು ಪುಟ್ಟಮ್ಮ.

“ದುಡ್ಡು ಮಾಫಿ, ಬೇಡವೇ ಬೇಡ” ಎಂದರು ಹಸೀನ. “ನಂಗೆ ನನ್ನ ಬಸ್ಸು ಬೇಕು. ನಾಳೆ ಯಾರ್ಡಿಗೆ ಬನ್ನಿ, ನಮ್ಮ ಸೂಪರ್‌ವೈಸರಿಗೆ ನೀವೇ ಹೇಳಿ. ಆಮೇಲೆ ನಾನೇ ಸ್ಟೇಷನ್ನಿಗೆ ಹೋಗ್ತೇನೆ.”

ಶನಿವಾರ ಬೆಳಿಗ್ಗೆ ಬಸ್ ಯಾರ್ಡಿನಲ್ಲಿ ಹಳದಿ ಬಸ್ಸುಗಳ ನಡುವೆ ವೆಂಕಟರಾಮಯ್ಯ ಮುಕ್ಕಾಲು ಗಂಟೆ ಕಾದರು. ಒಳಗೆ ಕರೆಯುವ ತನಕ ತಗಡಿನ ಗೋಡೆಗೆ ಒತ್ತಿಕೊಂಡೇ ನಿಂತಿದ್ದರು. ಸೂಪರ್‌ವೈಸರ್ ರಿಝ್ವಾನ್ ಹೈದರಾಬಾದಿನವನು, ಎರಡು ಫೋನು, ಮುಂದೆ ಆರಿದ ಚಹಾ. ನೀವು ಯಾರು ಎಂದು ಹಿಂದಿಯಲ್ಲಿ ಕೇಳಿದ.

ತಮಗೆ ಬರುವ ಮುರುಕು ಹಿಂದಿಯಲ್ಲಿ ವೆಂಕಟರಾಮಯ್ಯ ಹೇಳಿದರು: ನಾನು ಜಡ್ಜ್ ಆಗಿದ್ದವನು. ಈ ಹೆಂಗಸು ಹೇಳಿದ್ದರಲ್ಲಿ ಅರ್ಧ ಬರೆದೆ, ಅರ್ಧ ಬಿಟ್ಟೆ. ಬಿಟ್ಟ ಅರ್ಧವೇ ನಿಜ. ಹೇಳುತ್ತಿರುವಾಗ ಕಣ್ಣು ಅವನ ಎರಡು ಫೋನುಗಳತ್ತ ಹೋಯಿತು. ಇದನ್ನು ಇವನು ರೆಕಾರ್ಡ್ ಮಾಡುತ್ತಿದ್ದರೆ? ಮಾಡಲಿ ಎಂದುಕೊಳ್ಳುವಷ್ಟು ಧೈರ್ಯ ಅವರಿಗೆ ಬಂದಿರಲಿಲ್ಲ. ಹೆದರಿಕೊಂಡೇ ಹೇಳಿ ಮುಗಿಸಿದರು.

ರಿಝ್ವಾನ್ ಚಹಾ ಪಕ್ಕಕ್ಕೆ ಸರಿಸಿದ. “ಜಡ್ಜ್ ಸಾಹೇಬರೇ, ಹಸೀನ ದೀದಿ ಕಳ್ಳಿ ಅಲ್ಲ ಅಂತ ನನಗೆ ಮೊದಲ ದಿನವೇ ಗೊತ್ತು. ಆದರೆ ಆಕೆ ಬೇಡ ಅಂತ ಬರೆದದ್ದು ನಾನಲ್ಲ, ನಿಮ್ಮ ಕಟ್ಟಡದ ಅಪ್ಪ ಅಮ್ಮಂದಿರು. ಹನ್ನೆರಡು ಮೇಲ್ ಬಂದಿವೆ. ಆಕೆ ಬೇಕು ಅಂತ ಅದೇ ಕಟ್ಟಡದಿಂದ ಹತ್ತು ಮೇಲ್ ಬರಲಿ, ಸೋಮವಾರ ಬೆಳಿಗ್ಗೆ ಒಂಬತ್ತರೊಳಗೆ. ಮೇಲಿನವರಿಗೆ ತೋರಿಸಿ ಬಸ್ಸಿಗೆ ಹಾಕ್ತೀನಿ. ಇಲ್ಲ ಅಂದ್ರೆ ನನ್ನ ಕೈಯಲ್ಲಿಲ್ಲ.”

ಹನ್ನೆರಡು ಜನ ಒಂದೇ ದಿನದಲ್ಲಿ ಬರೆದಿದ್ದರು. ಸಿಟ್ಟಿನಲ್ಲಿ ನಮ್ಮವರ ಬೆರಳು ಎಷ್ಟು ಚುರುಕು ನೋಡಿ.

ಮನೆಗೆ ಬಂದ ವೆಂಕಟರಾಮಯ್ಯ ಅದೇ ಗುಂಪಿಗೆ ತಮ್ಮ ದನಿಯಲ್ಲಿ ಎರಡು ನಿಮಿಷದ ಮಾತು ಹಾಕಿದರು: ಸರ ಬ್ಯಾಗಿನಲ್ಲಿ ಸಿಕ್ಕಿದೆ, ಹಸೀನ ನಿರಪರಾಧಿ, ತಪ್ಪು ತೀರ್ಪು ನನ್ನದು. ನೂರ ಹದಿನೆಂಟು ಜನ ಕೇಳಿದ ಗುರುತು ಬಂತು. ಏಳು ಜನ ಕೈಮುಗಿದ ಚಿತ್ರ ಹಾಕಿದರು. ಒಬ್ಬ, ‘ಸರ್, ಹಳೆಯದನ್ನು ಯಾಕೆ ಕೆದಕುತ್ತೀರಿ’ ಎಂದು ಬರೆದ. ಮೇಲ್ ಮಾತ್ರ ಒಂದೂ ಹೋಗಲಿಲ್ಲ.

ಆಗ ಬಸ್ ಕಂಪನಿಯ ಮೇಲ್ ವಿಳಾಸ ಬರೆದ ಒಂದು ಹಾಳೆ ಹಿಡಿದುಕೊಂಡು ಬಾಗಿಲು ಬಾಗಿಲಿಗೆ ಹೊರಟರು. ಎಪ್ಪತ್ತೊಂದು ವರ್ಷದ ಮನುಷ್ಯ, ಪ್ರತಿ ಬೆಲ್ ಒತ್ತುವ ಮೊದಲು ಬೆರಳು ಹಿಂದಕ್ಕೆ ಬರುತ್ತಿತ್ತು. ಕೆಲವು ಮನೆಗಳಲ್ಲಿ ಬಾಗಿಲ ಕಣ್ಣಿನ ಹಿಂದೆ ನೆರಳು ಬಂದು, ನಿಂತು, ಹೋಯಿತು. ಬಾಗಿಲು ತೆರೆಯಲಿಲ್ಲ. ಮೊದಲ ಮೇಲ್ ಕಳಿಸಿದವಳು ಸ್ವಂತ ಸೊಸೆ ಅಪೇಕ್ಷಾ, ಮಾತಾಡದೆ. ಇನ್ನಿಬ್ಬರು ಕಳಿಸಿದರು.

ನಾಲ್ಕನೆಯ ಮಹಡಿಯಲ್ಲಿ ರೇಮಂಡ್ ಬಾಗಿಲನ್ನು ಅರ್ಧ ತೆರೆದ.

“ಸರ್, ನಾನು ಮೇಲ್ ಕಳಿಸಿದ್ರೆ ನಾನೇ ಸುಳ್ಳು ಹೇಳಿದ ಹಾಗೆ ಆಗ್ತದಲ್ವಾ? ನಾಳೆ ನನ್ನನ್ನೂ ಸ್ಟೇಷನ್ನಿಗೆ ಕರೆದ್ರೆ?”

“ಕರೀಬಹುದು ರೇಮಂಡ್” ಎಂದರು ವೆಂಕಟರಾಮಯ್ಯ. “ಹೆದರಿಕೆ ನನಗೂ ಇದೆ. ನಿನ್ನೆ ರಾತ್ರಿಯಿಂದ ಅನ್ನ ಇಳೀತಿಲ್ಲ.”

“ಮತ್ತೆ ಯಾಕೆ ಸುಮ್ಮನೆ…”

ಹಿಂದಿನಿಂದ ಸುಸನಳ ದನಿ ಬಂತು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು, ಇನ್ನೂ ನರ್ಸಿನ ಬಟ್ಟೆಯಲ್ಲೇ ಇದ್ದಳು. “ಸಾಕು ರೇಮಂಡ್, ದಾರಿ ಬಿಡಿ. ಬ್ಯಾಗು ಒಗೆದವಳು ನಾನು, ಸರ ಕಂಡವಳು ನಾನು. ಆ ದಿನವೇ ಹೇಳ್ಬೇಕಿತ್ತು ನಾನು. ಎಷ್ಟು ಸಲ ನಿಮ್ಮ ಹತ್ರ ಹೇಳಿದ್ದು? ಸರ್, ಮೇಲ್ ಅಡ್ರೆಸ್ ಕೊಡಿ.” ಬಾಗಿಲಲ್ಲೇ ನಿಂತು, ಫೋನಿನಲ್ಲಿ ಟೈಪ್ ಮಾಡಿ ಕಳಿಸಿದಳು.

ಅಲ್ಲಿಗೆ ನಾಲ್ಕು. ಈಗ ಭಾನುವಾರ ಸಂಜೆ. ಲಿಫ್ಟು ನಿಂತ ಸದ್ದಾದರೆ ವೆಂಕಟರಾಮಯ್ಯ ಬೆಚ್ಚಿ ಬೀಳುತ್ತಾರೆ. ಮಗನ ಫೋನು ಗುಂಯ್‌ಗುಟ್ಟಿದರೆ ಇಡೀ ಮನೆ ಉಸಿರು ಹಿಡಿಯುತ್ತದೆ. ಅವರ ಮೇಲೆ ಕನಿಕರ ಪಡಿ ಎಂದು ಕೇಳುತ್ತಿಲ್ಲ. ಅವರ ಹೆದರಿಕೆ ಅವರು ದುಡಿದು ಗಳಿಸಿದ್ದು. ಆದರೆ ಹೆದರಿಕೊಂಡೇ ಆ ಮುದುಕ ಇನ್ನೊಂದು ಮಹಡಿಗೆ ಹೊರಟಿದ್ದಾರೆ. ಮುಹೈಸ್ನಾದಲ್ಲಿ ಹಸೀನ ಸಮವಸ್ತ್ರ ಇಸ್ತ್ರಿ ಮಾಡಿಟ್ಟು ಕಾಯುತ್ತಿದ್ದಾರೆ.

ಇದನ್ನು ಓದುತ್ತಿರುವ ನೀವೂ ಆ ಕಟ್ಟಡದವರೇ, ಹನ್ನೆರಡು ಮೇಲ್ ಬರೆದವರಲ್ಲಿ ಒಬ್ಬರು. ಇಲ್ಲವಾದರೆ ಆ ಫೋಟೋವನ್ನು ಮುಂದೆ ತಳ್ಳಿದವರಲ್ಲಿ. ಅದೂ ಅಲ್ಲವಾದರೆ, ನೋಡಿ ಸುಮ್ಮನಿದ್ದವರಲ್ಲಿ. ಇನ್ನು ಆರು ಬೇಕು, ನಾಳೆ ಬೆಳಿಗ್ಗೆ ಒಂಬತ್ತರೊಳಗೆ. ಬೆಲ್ ಆದಾಗ ಬಾಗಿಲ ಕಣ್ಣಿನ ಹಿಂದೆ ನಿಲ್ಲಬೇಡಿ. ಬಾಗಿಲು ತೆರೆಯಿರಿ, ವಿಳಾ‌ಸ ಬರೆದುಕೊಳ್ಳಿ, ಆಕೆ ನಮ್ಮ ಮಕ್ಕಳ ಬಸ್ಸಿನಲ್ಲಿ ಬೇಕು ಎಂದು ನಿಮ್ಮ ಹೆಸರು ಹಾಕಿ ಈಗಲೇ ಕಳಿಸಿ.